ಏಳನೇ ನಂಬರ್ ಬಾಟಲಿಯ ಹೊಟ್ಟೆಯಲ್ಲಿ ಏನಿತ್ತು?

ಒಂದು ಐಸಿಯುನಲ್ಲಿ ಹೊಸ ಔಷಧಿಯ ಪರೀಕ್ಷೆ ನಡೀತಿತ್ತು. ಕೆಲವು ಬಾಟಲಿಗಳಲ್ಲಿ ಔಷಧಿ, ಉಳಿದವುಗಳಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಏನಿದೆ ಅಂತ ಡಾಕ್ಟ್ರಿಗೂ ಗೊತ್ತಿಲ್ಲ, ಬಾಟಲಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಪ್ರತಿ ಬಾಟಲಿಗೂ ಒಂದರಂತೆ ಅಂಟು ಹಚ್ಚಿ ಮುಚ್ಚಿಟ್ಟ ಕವರಿಗೆ ಮಾತ್ರ.

ಹೃದಯ ಸೋತು ಮಲಗಿದ್ದ ಫಕೀರಪ್ಪನಿಗೆ ಏಳನೇ ನಂಬರ್ ಬಾಟಲಿ ಹಾಕಿದ್ರು. ಅರ್ಧ ಗಂಟೆಯಲ್ಲಿ ಬಿಪಿ ಎಪ್ಪತ್ತರಿಂದ ತೊಂಬತ್ತಕ್ಕೆ ಏರಿತು.

"ನೋಡಿದ್ಯಾ? ನಾನೇ ಔಷಧಿ!" ಅಂತ ಬಾಟಲಿ ಬೀಗಿತು.

"ನಿನ್ನ ಹೊಟ್ಟೇಲಿ ಏನಿದೆ ಅಂತ ನಿನಗೇ ಗೊತ್ತಿಲ್ಲ, ಸುಮ್ನೆ ನೇತಾಡು," ಅಂತು ಮಾನಿಟರು.

ಮಧ್ಯಾಹ್ನ ಬಿಪಿ ಅರವತ್ತಕ್ಕೆ ಕುಸಿಯಿತು. ಮಾನಿಟರು ಬಾಯಿ ಬಡ್ಕೊಂಡಿತು. ಡಾಕ್ಟರ್ ಶಶಿರೇಖಾ ಓಡಿ ಬಂದು ಏಳನೇ ನಂಬರಿನ ಕವರಿಗೆ ಕೈ ಹಾಕಿದ್ರು. ಜೀವಕ್ಕೆ ಅಪಾಯ ಬಂದಾಗ ಮಾತ್ರ ಅದನ್ನ ಹರೀಬಹುದಿತ್ತು.

"ಹರೀಬೇಡಿ ಮೇಡಂ! ಇನ್ನೊಂದು ಗಂಟೆ ನನ್ನ ನಂಬಿ!" ಅಂತ ಬಾಟಲಿ ಗೋಗರೆಯಿತು.

"ನಿನ್ನ ಲೆಕ್ಕ ತಪ್ಪಾದ್ರೆ ಹೋಗೋದು ಅವನ ಪ್ರಾಣ ಕಣೋ, ನಿಂದಲ್ಲ," ಅಂತ ಕವರು ಬಾಯಿ ತೆರೀತು. ಒಳಗೆ 'ಉಪ್ಪುನೀರು' ಅಂತ ಬರೆದಿತ್ತು.

ಡಾಕ್ಟ್ರು ತಕ್ಷಣ, ಬಳಸಿ ಗೊತ್ತಿದ್ದ ಹಳೇ ಔಷಧಿ ಏರಿಸಿದ್ರು. ಸಂಜೆಗೆ ಫಕೀರಪ್ಪ ಕಣ್ಣು ಬಿಟ್ಟು, "ಚಾ ಸಿಗತೈತೇನ್ರಿ?" ಅಂದ.

ಕಸದ ಬುಟ್ಟಿ ಸೇರಿದ್ದ ಬಾಟಲಿಗೆ ತಲೆ ಕೆಟ್ಟುಹೋಗಿತ್ತು. "ಹಾಗಾದ್ರೆ ಬೆಳಿಗ್ಗೆ ಬಿಪಿ ಏರಿಸಿದ್ದು ಯಾರು?"

ಹರಿದ ಕವರು ಪಕ್ಕದಲ್ಲೇ ಬಿದ್ದಿತ್ತು. "ಅದು ಗೊತ್ತಿದ್ದಿದ್ರೆ ಈ ಪರೀಕ್ಷೆ ಯಾಕೆ ಮಾಡ್ತಿದ್ರು ಗುರೂ?"