ವರ್ತಕನ ಹಗುರ ಕೇಸಡಿಯಾ

"ಗುರುಗಳೇ, ಮನೆ ಬಿಟ್ಟೆ. ಅಂಗಡಿ ಬಿಟ್ಟೆ. ಹಾಸಿಗೆ ಹಿಡಿದ ತಾಯಿಯ ಮೇಲಿನ ಮೋಹವನ್ನೂ ಬಿಟ್ಟೆ. ಎಲ್ಲವನ್ನೂ ಅಕ್ಕನಿಗೆ ಒಪ್ಪಿಸಿ ಬಂದೆ. ಈಗ ಎಷ್ಟೋ ಹಗುರವಾಗಿದ್ದೇನೆ. ಆದರೆ ದೀಕ್ಷೆಗೆ ಮುಂಚೆ ಆಶೀರ್ವಾದ ಕೇಳಲು ಹೋದರೆ ಅಕ್ಕ ಮಾತಾಡದೆ ಒಳಗೆ ಹೋದಳು. ಯಾಕೆಂದು ತಿಳಿಯುತ್ತಿಲ್ಲ. ನಾನು ಬಿಡಬೇಕಾದ್ದು ಇನ್ನೂ ಏನಾದರೂ ಉಳಿದಿದೆಯೇ?"

ಶಿಷ್ಯ ಚನ್ನವೀರ ಹೀಗೆ ಕೇಳಿದ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು.

"ಒಬ್ಬ ವರ್ತಕನಿದ್ದ. ಅವನಿಗೆ ಕೋಳಿ ಕೇಸಡಿಯಾ ಎಂದರೆ ಪ್ರಾಣ."

"ಕೋಳಿಯೇ?" ಶಿಷ್ಯ ತಬ್ಬಿಬ್ಬಾದ.

"ಕೋಳಿಯೇ. ನಿನಗೇನು ಬಡಿಸುತ್ತಿಲ್ಲವಲ್ಲ, ಸುಮ್ಮನೆ ಕೇಳು" ಎಂದು ಗದರಿ ಗುರುಗಳು ಕತೆ ಹೇಳಿದರು.

ಕೇಸಡಿಯಾ ಪರದೇಶದ ತಿಂಡಿ. ತೆಳು ರೊಟ್ಟಿಯೊಳಗೆ ಬೆಂದ ಕೋಳಿಮಾಂಸ, ಚೀಸು ಹರಡಿ, ಮಡಚಿ, ಬೆಣ್ಣೆ ಹಾಕಿ ಕಾವಲಿಯ ಮೇಲೆ ಸುಡುವುದು, ಅಷ್ಟೆ. ವರ್ತಕನ ಹೆಂಡತಿ ಅದನ್ನು ಫೋನಿನಲ್ಲಿ ನೋಡಿ ಕಲಿತಿದ್ದಳು. ಒಂದು ದಿನ ವರ್ತಕನಿಗೆ ಎದೆನೋವು ಬಂತು. ಜಿಡ್ಡು ಬಿಡದಿದ್ದರೆ ಜೀವ ಬಿಡುತ್ತೀಯ ಎಂದು ವೈದ್ಯರು ಎಚ್ಚರಿಸಿದರು.

ಹೆಂಡತಿ ಹೆದರಿಹೋದಳು. ಅಂದಿನಿಂದ ಕೋಳಿಯ ಚರ್ಮ ಸುಲಿದು, ಎದೆಯ ಭಾಗವನ್ನಷ್ಟೇ ನೀರಿನಲ್ಲಿ ಬೇಯಿಸಿದಳು. ಚೀಸು ಚೂರೇ ಚೂರು. ಉಳಿದ ಜಾಗಕ್ಕೆ ಈರುಳ್ಳಿ, ದಪ್ಪ ಮೆಣಸಿನಕಾಯಿ. ಮೈದಾ ಹೋಗಿ ಗೋಧಿ ಬಂತು. ಬೆಣ್ಣೆ ಸೋಕಿಸದೆ ಸುಟ್ಟಳು. ವರ್ತಕ ಮೊದಮೊದಲು ಗೊಣಗಿದ, ಆಮೇಲೆ ಅದೇ ರುಚಿಯಾಯಿತು.

ಆದರೆ ಮನೆಗೆ ಸಾಮಾನು ತರುವವನು ವರ್ತಕನೇ. ಇಡೀ ಕೋಳಿ, ಚೀಸು, ಬೆಣ್ಣೆ, ಎಲ್ಲವನ್ನೂ ರೂಢಿಯಂತೆ ಮೊದಲಿನಷ್ಟೇ ತರುತ್ತಿದ್ದ. ಗಂಡ ಉಂಡೆದ್ದ ಮೇಲೆ ಹೆಂಡತಿ ಕೂರುವುದು ಆ ಮನೆಯ ಪದ್ಧತಿ. ಅವನು ಕೈ ತೊಳೆದು ಅಂಗಡಿಗೆ ಹೋಗಿಬಿಡುತ್ತಿದ್ದ. ಅವಳ ಊಟ ಅವನ ಕಣ್ಣಿಗೆ ಬಿದ್ದದ್ದೇ ಇಲ್ಲ.

ವರ್ಷ ಕಳೆಯಿತು. ವೈದ್ಯರು ವರ್ತಕನನ್ನು ಪರೀಕ್ಷಿಸಿ ಬೆನ್ನು ತಟ್ಟಿದರು. ಅವನು ಕಂಡಕಂಡವರಿಗೆಲ್ಲ ತನ್ನ ಸಂಯಮದ ಬಗ್ಗೆ ಕೊಚ್ಚಿಕೊಂಡ. ಅದಾದ ಕೆಲವೇ ದಿನಕ್ಕೆ ಹೆಂಡತಿ ಒಲೆಯ ಮುಂದೆ ಎದೆ ಹಿಡಿದು ಕುಸಿದಳು. ವೈದ್ಯರು ನೋಡಿ, ಇವರಿಗೂ ಅದೇ ಕಾಯಿಲೆ ಎಂದರು.

ವರ್ತಕನಿಗೆ ತಲೆಬುಡ ತಿಳಿಯಲಿಲ್ಲ. "ಅದು ಹೇಗೆ ಸ್ವಾಮಿ? ಒಂದೇ ಮನೆ, ಒಂದೇ ಕಾವಲಿ. ನಾನು ಅದನ್ನೆಲ್ಲ ಬಿಟ್ಟು ವರ್ಷವಾಯ್ತಲ್ಲ!"

ಹೆಂಡತಿ ಮಲಗಿದಲ್ಲಿಂದಲೇ ಮೆಲ್ಲಗೆ ಹೇಳಿದಳು. "ನೀವು ಬಿಟ್ಟದ್ದನ್ನ ಚೆಲ್ಲೋಕೆ ಮನಸ್ಸು ಬರಲಿಲ್ಲ ಕಣ್ರೀ."

ಕತೆ ಅಲ್ಲಿಗೆ ನಿಂತಿತು. ಚನ್ನವೀರನ ಗೊಂದಲ ಮಾತ್ರ ಇನ್ನಷ್ಟು ಹೆಚ್ಚಿತು.

"ಇದರಲ್ಲಿ ತಪ್ಪು ಯಾರದು ಗುರುಗಳೇ? ಗಂಡ ವೈದ್ಯರ ಮಾತು ಕೇಳಿದ. ಹೆಂಡತಿ ಮನೆಯಲ್ಲಿದ್ದದ್ದನ್ನು ತಿಂದಳು. ಇಬ್ಬರದೂ ಸರಿಯೆಂದೇ ತೋರುತ್ತದೆ. ಅದಿರಲಿ, ಆ ಕೋಳಿಗೂ ನನ್ನ ದೀಕ್ಷೆಗೂ ಏನು ಸಂಬಂಧ?"

ಗುರುಗಳು ಏಳುತ್ತ ಹೇಳಿದರು: "ನೀನು ಬಿಟ್ಟದ್ದನ್ನು ನಿನ್ನ ಅಕ್ಕನೂ ಚೆಲ್ಲಲಿಲ್ಲ, ಚನ್ನವೀರ."