ಲಾರಿಯಲ್ಲಿ ಬಂದ ದಿಕ್ಕಿಲ್ಲದವನು

ದಿಕ್ಕಿಲ್ಲದವರಿಗೆಂದು ಧರ್ಮಸಂಸ್ಥೆ ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು ಖಾಲಿಯಾಯಿತು. ಹೂ ಮಾರುವ ಚೆಲುವಮ್ಮ ಅದಕ್ಕಾಗಿ ಕಾದು ಗೇಟಿನ ಪಕ್ಕದಲ್ಲೇ ಮಲಗುತ್ತಿದ್ದಳು. ಆದರೆ ಸಂಸ್ಥೆಯ ಅಧ್ಯಕ್ಷರು ಉಸ್ತುವಾರಿ ದೇವೀರಮ್ಮನನ್ನು ಕರೆದು ಗುಡುಗಿದರು: "ಆ ಮನೆ ನನ್ನ ಬಾಮೈದನಿಗೆ. ಅವನು ದಿಕ್ಕಿಲ್ಲದವನು ಅಂತ ಎಲ್ಲರಿಗೂ ಹೇಳು. ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು."

"ಆಗಲಿ ಬುದ್ಧಿ. ಪದ್ಧತಿ ಪ್ರಕಾರವೇ ಬರಮಾಡಿಕೊಳ್ತೀವಿ."

"ಭರ್ಜರಿಯಾಗಿ ಮಾಡು!"

ಹೊಸದಾಗಿ ಬಂದವರಿಗೆ ಸಾಲುಮನೆಯವರೆಲ್ಲ ತಮ್ಮದರಲ್ಲೇ ಏನಾದರೂ ಕೊಡುವುದು ಅಲ್ಲಿನ ಪದ್ಧತಿ.

ಅಧ್ಯಕ್ಷರ ಜೊತೆ ಬಾಮೈದ ಬಂದ. ಹಿಂದೆ ಲಾರಿ ತುಂಬ ಸೋಫಾ, ಫ್ರಿಜ್ಜು. ನೋಡಲು ಬೀದಿಯೇ ನೆರೆಯಿತು. ಸಾಲುಮನೆಯವಳೊಬ್ಬಳು ಅವನ ರೇಷ್ಮೆ ಶಲ್ಯಕ್ಕೆ ಹಿಡಿ ಅಕ್ಕಿ ಸುರಿದಳು. ಇನ್ನೊಬ್ಬ ಹಳೇ ಕಂಬಳಿ ಹೊದಿಸಿದ. ಕಣ್ಣು ಕಾಣದ ಅಜ್ಜಿ ಅವನ ಕೆನ್ನೆ ಸವರಿ, "ಅಳಬೇಡ ಮಗಾ, ನಾವೂ ಹೀಗೇ ಬರಿಗೈಲಿ ಬಂದವರು" ಅಂದಳು.

ಬೀದಿ ಗೊಳ್ಳೆಂದು ನಕ್ಕಿತು. "ಭಾವ, ನಾನೇನು ತಿರುಪೆಯವನಾ?" ಅಂತ ಬಾಮೈದ ಕಿರುಚಿದ.

ಅಧ್ಯಕ್ಷರು ದೇವೀರಮ್ಮನತ್ತ ಕಣ್ಣು ಕೆಕ್ಕರಿಸಿದರು.

"ಎಲ್ಲರಿಗೂ ಹೇಳು ಅಂದ್ರಲ್ಲ ಬುದ್ಧಿ, ಹೇಳ್ದೆ."

ಲಾರಿ ಬಂದ ದಾರಿಗೇ ತಿರುಗಿತು. ದೇವೀರಮ್ಮ ಅಕ್ಕಿ, ಕಂಬಳಿ ಎತ್ತಿಕೊಂಡು ಗೇಟಿನ ಕಡೆ ನಡೆದಳು.

"ಏಳು ಚೆಲುವಮ್ಮ, ಒಳಗೆ ಬಾ. ಅಧ್ಯಕ್ಷರ ಬಾಮೈದ ದೊಡ್ಡ ಮನಸ್ಸು ಮಾಡಿ ಮನೆ ಬಿಟ್ಟುಕೊಟ್ಟಿದ್ದಾನೆ."