ಸಂಡಿಗೆ ಹೊಂಬಾಳಮ್ಮನೂ ಮುಗಿಲೆತ್ತರದ ಕುರ್ಚಿಯೂ

ಒಂದಾನೊಂದು ಊರಿನಲ್ಲಿ ಒಂದು ದೇಶವಿತ್ತು. ಎಲ್ಲ ಕಡೆ ದೇಶದೊಳಗೆ ಊರಿರುತ್ತದೆ, ಇಲ್ಲಿ ಊರೊಳಗೆ ದೇಶ. ಅಷ್ಟು ಸಣ್ಣದು. ಮೂಡಣ ಗಡಿಯಲ್ಲಿ ಕೂಸು ಸೀನಿದರೆ ಪಡುವಣ ಗಡಿಯಲ್ಲಿ ಯಾರೋ ‘ಚಿರಂಜೀವಿ’ ಅನ್ನುತ್ತಿದ್ದರು.

ಅಷ್ಟು ಸಣ್ಣ ದೇಶಕ್ಕೆ ಸಂಸತ್ತಿನಲ್ಲಿ ಒಂದೇ ಕುರ್ಚಿ. ಅದರಲ್ಲಿ ಕೂತಿದ್ದವನು ಉದ್ದಂಡಯ್ಯ. ಅವನೇ ಪ್ರಧಾನಿ, ಅವನೇ ವಿರೋಧ ಪಕ್ಷ. ಬೆಳಗ್ಗೆ ತನ್ನನ್ನೇ ಪ್ರಶ್ನೆ ಕೇಳುತ್ತಿದ್ದ. ಮಧ್ಯಾಹ್ನ ತಾನೇ ಉತ್ತರ ಕೊಡುತ್ತಿದ್ದ. ಸಂಜೆ ತನ್ನ ಉತ್ತರಕ್ಕೆ ತಾನೇ ಮೇಜು ಕುಟ್ಟುತ್ತಿದ್ದ.

ಅವನಿಗೆ ಒಂದೇ ಹುಚ್ಚು. ಕುರ್ಚಿ ಎತ್ತರವಾಗಬೇಕು. ದಿನಾ ಬಡಗಿಗಳು ಬಂದು ಕುರ್ಚಿಯ ಕಾಲಿಗೆ ಕಾಲು ಸೇರಿಸಿ ಮೊಳೆ ಹೊಡೆಯುತ್ತಿದ್ದರು. ಕುರ್ಚಿ ತೆಂಗಿನ ಮರ ದಾಟಿತು, ಮೋಡ ದಾಟಿತು. ಕುರ್ಚಿ ಬೆಳೆದ ಹಾಗೆ ನೆರಳೂ ಬೆಳೆಯಿತು. ಕೊನೆಗೆ ಇಡೀ ದೇಶದ ಮೇಲೆ ಕುರ್ಚಿಯ ನೆರಳೇ ಬಿತ್ತು.

ಆ ನೆರಳಿನ ನಟ್ಟನಡುವೆ ಹೊಂಬಾಳಮ್ಮನ ಅಂಗಳ. ಹೊಂಬಾಳಮ್ಮ ಸಂಡಿಗೆ ಮಾಡುವವಳು. ಅಕ್ಕಿ ಹಿಟ್ಟು ಕುದಿಸಿ, ಜೀರಿಗೆ ಹಾಕಿ, ಚಾಪೆಯ ಮೇಲೆ ಬಟ್ಟೆ ಹಾಸಿ, ಸಾಲಾಗಿ ಸಂಡಿಗೆ ಇಡುತ್ತಿದ್ದಳು. ಒಣಗಬೇಕಲ್ಲ? ಇವತ್ತು ಇಟ್ಟದ್ದು ನಾಳೆಯೂ ಹಸಿ, ನಾಡಿದ್ದೂ ಹಸಿ, ಆಮೇಲೆ ಬೂಷ್ಟು. ಎಲ್ಲ ಬಳಿದು ಚೆಲ್ಲಿ, ಮತ್ತೆ ಹಿಟ್ಟು ಕುದಿಸಲು ಇಡುತ್ತಿದ್ದಳು.

“ಉದ್ದಂಡಯ್ಯಾ, ಕುರ್ಚಿ ಇಳಿಸೋ!” ಎಂದು ಮೇಲೆ ನೋಡಿ ಕೂಗಿದಳು.

ಮೇಲಿನಿಂದ ಉತ್ತರ ಬಂತು. “ಯಾರೋ ಜೈಕಾರ ಹಾಕ್ತಿದ್ದಾರೆ. ಇನ್ನೊಂದು ಕಾಲು ಸೇರಿಸಿ.”

ಅಷ್ಟರಲ್ಲಿ ಚುನಾವಣೆ ಬಂತು. ಉದ್ದಂಡಯ್ಯನ ಎದುರು ನಿಲ್ಲಲು ಯಾರಿಗೂ ಧೈರ್ಯವಿಲ್ಲ. ಹೊಂಬಾಳಮ್ಮ ಸಂಡಿಗೆಯ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಚುನಾವಣಾಧಿಕಾರಿ ವೆಂಕೋಬಯ್ಯನ ಮುಂದೆ ನಿಂತಳು.

“ವೆಂಕೋಬಯ್ಯನೋರೇ, ಇದನ್ನು ಚುನಾವಣೆಗೆ ನಿಲ್ಲಿಸ್ತೀನಿ.”

“ಅಜ್ಜಿ, ಚಾಪೆ ನಿಲ್ಲೋದುಂಟಾ? ಮಾತಾದ್ರೂ ಬರುತ್ತಾ ಅದಕ್ಕೆ?”

ಚಾಪೆ ಕಂಕುಳಿನಿಂದಲೇ ಹೇಳಿತು. “ಹಾಸಿದರೆ ಮಾತಾಡ್ತೀನಿ, ಸುತ್ತಿದರೆ ಸುಮ್ಮನಿರ್ತೀನಿ.”

ವೆಂಕೋಬಯ್ಯ ಬೆರಗಾದ. “ಸುಮ್ಮನಿರೋಕೂ ಬರುತ್ತಾ! ಹಾಗಿದ್ರೆ ನಿಲ್ಲಲಿ” ಎಂದು ಚಾಪೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ.

ಉದ್ದಂಡಯ್ಯನಿಗೆ ಸುದ್ದಿ ತಲುಪಿತು. ಅವನು ಮೇಲಿನಿಂದ ಕಾನೂನು ಇಳಿಬಿಟ್ಟ. “ಮತಗಟ್ಟೆಗೆ ಒಂದೇ ಸಾಲು. ಸಾಲು ನೆಟ್ಟಗಿರಬೇಕು, ಸೊಟ್ಟಗಿದ್ದರೆ ಮೇಲಿನಿಂದ ನೋಡುವಾಗ ನನಗೆ ತಲೆ ತಿರುಗುತ್ತದೆ. ಸಾಲು ಬಿಟ್ಟವರಿಗೆ ಮತವಿಲ್ಲ. ಗಡಿಯ ಒಳಗೆ ನಿಂತವರು ನಮ್ಮವರು, ಅವರಿಗೆ ಮತ. ಹೊರಗೆ ನಿಂತವರು ಪರದೇಶದವರು.”

ದೇಶ ಸಣ್ಣದು, ಸಾಲು ನೆಟ್ಟಗೆ. ಉದ್ದಂಡಯ್ಯನ ಬೀಗರೆಲ್ಲ ಮೊದಲೇ ಬಂದು ನಿಂತಿದ್ದರು. ಅವರು ನಿಂತದ್ದಕ್ಕೇ ದೇಶ ತುಂಬಿಹೋಯಿತು. ಮಿಕ್ಕ ಜನರೆಲ್ಲ ಗಡಿಯಾಚೆ. ಬೀಗರು ಮತ ಹಾಕಿ ಮನೆಗೂ ಹೋಗಲಿಲ್ಲ, ಅಲ್ಲೇ ಇಸ್ಪೀಟು ಹರಡಿಕೊಂಡು ಕೂತರು. ಸಾಲು ಒಂದು ಗೇಣೂ ಮುಂದೆ ಸರಿಯಲಿಲ್ಲ.

ಹೊಂಬಾಳಮ್ಮ ಹಸಿ ಸಂಡಿಗೆಯ ಮೊರ ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದಳು.

“ಅಜ್ಜಿ, ನೀವೀಗ ಪರದೇಶದವರು. ಮತ ಇಲ್ಲ” ಎಂದು ವೆಂಕೋಬಯ್ಯ ಗಡಿಯ ಒಳಗಿನಿಂದ ಕೂಗಿದ.

“ಬಾಯಿ ಮುಚ್ಚಯ್ಯ! ಬೆಳಗ್ಗೆ ಇದೇ ದೇಶದಲ್ಲಿ ಹಲ್ಲುಜ್ಜಿದೀನಿ. ಸಂಜೆಗೆ ಇದೇ ದೇಶದಲ್ಲಿ ಮತ ಹಾಕ್ತೀನಿ” ಎಂದಳು ಹೊಂಬಾಳಮ್ಮ. ಮನೆ ಕಡೆ ಹೊರಟವರನ್ನೂ ಗದರಿದಳು. “ಯಾರೂ ಸಾಲು ಮುರೀಬೇಡಿ. ಮುರಿದರೆ ಅವನು ಗೆದ್ದ ಹಾಗೆ.”

ಸಾಲು ಕಂಡರೆ ಯಾರಿಗೆ ಸುಮ್ಮನಿರಲಾಗುತ್ತದೆ ಹೇಳಿ? ಪಕ್ಕದ ದೇಶದವರು ಓಡೋಡಿ ಬಂದರು. “ಇಲ್ಲಿ ಏನು ಕೊಡ್ತಾರೆ?” ಎಂದು ಕೇಳಿದರು. “ಗೊತ್ತಿಲ್ಲ, ಮೊದಲು ನಿಲ್ಲೋಣ” ಎಂದು ತಾವೇ ಹೇಳಿಕೊಂಡು ಹೊಂಬಾಳಮ್ಮನ ಹಿಂದೆ ನಿಲ್ಲಲು ಹೋದರು.

“ಹಿಂದೆ ನಿಲ್ಲಬೇಡಿ! ಹಿಂದೆ ನಿಂತವರು ನನ್ನ ಮೊರಕ್ಕೆ ಕೈ ಹಾಕ್ತೀರ. ಮುಂದೆ ನಿಲ್ಲಿ, ನನ್ನ ಕಣ್ಣೆದುರಿಗೆ ನಿಲ್ಲಿ.”

ಒಬ್ಬ ಮುಂದೆ ನಿಂತ, ಹೊಂಬಾಳಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಬ್ಬ ಬಂದ, ಇನ್ನೊಂದು ಹೆಜ್ಜೆ ಸರಿದಳು. ಹೀಗೆ ಹಿಂದೆ ಹಿಂದೆ ನಡೆಯುತ್ತ ಪಕ್ಕದ ದೇಶದ ರಾಜನ ಹಿತ್ತಲಿಗೆ ಬಂದಳು.

ಆ ರಾಜನಿಗೆ ಸೌತೆಕಾಯಿಯ ಗೀಳು. ಸೌತೆಕಾಯಿ ಒಂಟಿಯಾಗಿ ಮಲಗಿದರೆ ಹೆದರುತ್ತದೆ ಎಂದು ಚಪ್ಪರದ ಕೆಳಗೇ ಮಲಗುತ್ತಿದ್ದ. ಎದ್ದು ಕೂತು ಮೊರ ನೋಡಿದ.

“ಏನಮ್ಮಾ, ನಿನ್ನ ಸಂಡಿಗೆ ನನ್ನ ಬಿಸಿಲಲ್ಲಿ ಗರಿಗರಿ ಒಣಗಿದೆಯಲ್ಲ!”

ಹೊಂಬಾಳಮ್ಮ ಮೊರ ಇಳಿಸಿ ಒಂದು ಸಂಡಿಗೆ ಮುಟ್ಟಿದಳು. ಹೌದು, ಬೆರಳಿಗೆ ಅಂಟಲಿಲ್ಲ. ಟಕ್ಕೆಂದು ಮುರಿಯಿತು. ಎಷ್ಟು ಕಾಲವಾಗಿತ್ತು ಆ ಸದ್ದು ಕೇಳಿ! ಅವಳ ಕಣ್ಣು ತುಂಬಿತು.

“ಇನ್ನು ಸಾಲು ಯಾಕೆ? ಇಲ್ಲೇ ಇದ್ದುಬಿಡು” ಎಂದ ರಾಜ. “ಚಪ್ಪರದ ಪಕ್ಕ ಮನೆ ಕೊಡ್ತೀನಿ. ದಿನಾ ಬೆಳಗ್ಗೆ ‘ಈ ಬಿಸಿಲು ತಮ್ಮದು ಮಹಾಸ್ವಾಮಿ’ ಅಂತ ನನಗೆ ಕೈಮುಗಿದರೆ ಸಾಕು.”

ಅಂಗಳ ದೊಡ್ಡದಿತ್ತು. ಬಿಸಿಲು ಬೆಣ್ಣೆಯ ಹಾಗೆ ಹರಡಿತ್ತು. ಒಂದು ಗಳಿಗೆ ಹೊಂಬಾಳಮ್ಮನ ಮನಸ್ಸು ಅಲ್ಲೇ ಕಾಲು ಚಾಚಿ ಕೂತುಬಿಟ್ಟಿತು. ಆಮೇಲೆ ಅದನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಬಿಸಿಲಿಗೆ ಇವನು ಒಡೆಯ ಅಂದರೆ, ನೆರಳಿಗೆ ಅವನು ಒಡೆಯ ಅಂದ ಹಾಗಲ್ಲವೇ?

“ಈ ಮೊರ ಒಣಗಿತು, ಸರಿ. ನಮ್ಮ ಬೀದಿಯ ಮಕ್ಕಳ ಬಟ್ಟೆ ಒಣಗೋದು ಎಲ್ಲಿ?” ಎಂದಳು. “ನನಗೆ ನನ್ನ ಅಂಗಳದ ಬಿಸಿಲು ಬೇಕು. ಕೈಮುಗಿಯದೆ ಬರೋ ಬಿಸಿಲು. ಏಳು, ಸಾಲಿಗೆ ಜಾಗ ಬಿಡು.”

“ನನ್ನ ರಾಜ್ಯದಲ್ಲಿ ನಾನಿಲ್ಲದ ಸಾಲೇ?” ಎಂದು ರಾಜನೂ ಒಂದು ಸೌತೆಕಾಯಿ ಹಿಡಿದುಕೊಂಡು ಅವಳ ಮುಂದೆ ನಿಂತ. ಹೊಂಬಾಳಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಕಾಡು ಬಂತು, ಕರಡಿ ನಿಂತಿತು. ಬೆಟ್ಟ ಬಂತು, ಬೆಟ್ಟದವರು ನಿಂತರು. ಸಮುದ್ರ ಬಂತು, ಮೀನುಗಳು ಬಾಲದ ಮೇಲೆ ನಿಂತವು. ಹಿಮ್ಮುಖವಾಗಿ ನಡೆಯುವ ಹೊಂಬಾಳಮ್ಮನಿಗೆ ಸಮುದ್ರ ಕಾಣಲಿಲ್ಲ. ಕಾಣಲಿಲ್ಲವಾದ್ದರಿಂದ ಮುಳುಗಲೂ ಇಲ್ಲ. ಸಾಲು ನೆಟ್ಟಗೆ ಹೋಯಿತು, ಇನ್ನೂ ನೆಟ್ಟಗೆ ಹೋಯಿತು. ಭೂಮಿಯೋ ದುಂಡಗಿದೆ. ಒಂದು ಸಂಜೆ ಅವಳ ಬೆನ್ನಿಗೆ ಏನೋ ಗಟ್ಟಿಯಾಗಿ ತಾಗಿತು.

“ಯಾರದು, ಮತಗಟ್ಟೆಯ ಹಿಂಬಾಗಿಲು ಬಡಿಯೋದು?” ಎಂದು ಒಳಗಿನಿಂದ ವೆಂಕೋಬಯ್ಯ ಕೂಗಿದ.

ಹೊಂಬಾಳಮ್ಮ ತಿರುಗಿ ನೋಡಿದಳು. ಅದೇ ಗೋಡೆ, ಅದೇ ನೆರಳು, ಅವಳದೇ ದೇಶ! ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟಲು ಹರಿಯುವಂತೆ ಕೂಗಿದಳು. “ಎಲ್ಲರೂ ಹಿಂದಕ್ಕೆ ತಿರುಗ್ರೋ!”

ಸಾಲು ತಿರುಗಿತು. ಕೊನೆ ಮೊದಲಾಯಿತು, ಮೊದಲು ಕೊನೆಯಾಯಿತು. ಹೊಂಬಾಳಮ್ಮ ಹಿಂಬಾಗಿಲಿನಿಂದ ಒಳಗೆ ಹೋಗಿ ಚಾಪೆಗೆ ಮತ ಹಾಕಿದಳು. ಅವಳ ಹಿಂದೆ ಇಡೀ ಲೋಕ ಒಳಗೆ ನುಗ್ಗಿತು.

“ಅಜ್ಜೀ! ಇವರೆಲ್ಲ ಪರದೇಶದವರು!” ಎಂದು ವೆಂಕೋಬಯ್ಯ ತಲೆ ಚಚ್ಚಿಕೊಂಡ.

“ಗಡಿಯ ಒಳಗೆ ನಿಂತವರು ನಮ್ಮವರು ಅಂದದ್ದು ಯಾರ ಕಾನೂನು?”

“ಮೇಲಿನವರದು.”

“ಇವರು ಎಲ್ಲಿ ನಿಂತಿದ್ದಾರೆ?”

“ಒಳಗೆ.”

“ಮತ್ತೆ ಶಾಯಿ ಹಚ್ಚಿ.”

ರಾಜನ ಬೆರಳಿಗೆ ಶಾಯಿ ಹಚ್ಚಿದರು, ಕರಡಿಯ ಪಂಜಕ್ಕೆ ಹಚ್ಚಿದರು, ಮೀನುಗಳ ಈಜುರೆಕ್ಕೆಗೆ ಹಚ್ಚಿದರು. ಕೊನೆಯಲ್ಲಿ ಗಡಿಯಾಚೆ ಉಳಿದಿದ್ದ ಸ್ವಂತ ದೇಶದ ಜನರೂ ಲೋಕ ಸುತ್ತಿ ಬಂದು ಮತ ಹಾಕಿದರು. ಬೀಗರ ಮತ ಬಿಟ್ಟು ಮಿಕ್ಕದ್ದೆಲ್ಲ ಚಾಪೆಗೆ. ಚಾಪೆ ಗೆದ್ದಿತು.

“ಉದ್ದಂಡಯ್ಯನೋರೇ, ಸೋತಿದ್ದೀರಿ, ಇಳೀರಿ!” ಎಂದು ವೆಂಕೋಬಯ್ಯ ಕೂಗಿದ.

“ಏನೂ ಕೇಳಿಸ್ತಿಲ್ಲ” ಎಂದು ಮೇಲಿನಿಂದ ಉತ್ತರ ಬಂತು. “ಕೇಳಿಸದ ಸೋಲು ಸೋಲಲ್ಲ. ಇನ್ನೊಂದು ಕಾಲು ಸೇರಿಸಿ!”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೇನು ಮಾಡುವುದು? ಹೊಂಬಾಳಮ್ಮ ನೆಟ್ಟಗೆ ಮನೆಗೆ ನಡೆದಳು. ಒಳಗೆ ಹೋಗಿ ಒಲೆ ಮೇಲೆ ಬಾಣಲೆ ಇಟ್ಟಳು, ಎಣ್ಣೆ ಸುರಿದಳು. ಸೌದೆ ಇರಲಿಲ್ಲ. ಕೊಡಲಿ ತೆಗೆದುಕೊಂಡು ಬಂದು ಕುರ್ಚಿಯ ಕಾಲ ಬುಡಕ್ಕೆ ಒಂದೇಟು ಹಾಕಿದಳು.

“ಹಾಕು ತಾಯಿ, ಇನ್ನೊಂದು ಹಾಕು” ಎಂದಿತು ಕುರ್ಚಿ. “ಹುಟ್ಟಿದಾಗಿನಿಂದ ನಿಂತೇ ಇದ್ದೀನಿ. ಎಲ್ಲರೂ ನನ್ನ ಮೇಲೆ ಕೂತರೇ ಹೊರತು, ನೀನೂ ಕೂತುಕೋ ಅಂತ ಒಬ್ಬರೂ ಅನ್ನಲಿಲ್ಲ.”

ಹೊಂಬಾಳಮ್ಮ ಒಂದು ತುಂಡು ಕಡಿದು ಒಲೆಗಿಟ್ಟಳು. ಅದನ್ನು ನೋಡಿ ಪಕ್ಕದ ಮನೆಯವಳು ಒಂದು ತುಂಡು ಒಯ್ದಳು, ಎದುರು ಮನೆಯವಳು ಇನ್ನೊಂದು. ಮನೆಮನೆಯ ಒಲೆ ಉರಿಯಿತು. ಕುರ್ಚಿ ಮೋಡದ ಕೆಳಗೆ ಬಂತು, ತೆಂಗಿನ ಮರದ ಕೆಳಗೆ ಬಂತು. ನೆರಳು ಸುರುಟಿಕೊಂಡು ಅಂಗಳದಿಂದ ಆಚೆ ಸರಿಯಿತು. ಬಿಸಿಲು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು ಕೂತಿತು.

ಕೊನೆಗೆ ಉದ್ದಂಡಯ್ಯನ ಪಾದ ನೆಲಕ್ಕೆ ತಾಗಿತು. ಎದ್ದು ನಿಂತಾಗ ನೋಡಿದರೆ ಆಳು ಕುಳ್ಳಗಿದ್ದ. ಬಾಣಲೆಯಲ್ಲಿ ಸಂಡಿಗೆ ಹೂವಿನ ಹಾಗೆ ಅರಳುತ್ತಿತ್ತು. ಎಂದೂ ಏನೂ ಕೇಳಿಸದ ಅವನಿಗೆ ಆ ಚರಚರ ಸದ್ದು ಚೆನ್ನಾಗಿ ಕೇಳಿಸಿತು.

“ಅಮ್ಮಾ... ನನಗೊಂದು ಕೊಡ್ತೀಯಾ?”

ಹೊಂಬಾಳಮ್ಮ ಜಾಲರಿ ಸೌಟು ಎತ್ತಿ ಅಂಗಳದಾಚೆ ತೋರಿಸಿದಳು. ರಾಜ, ಕರಡಿ, ಮೀನು, ಬೀಗರು, ಊರಿನವರೆಲ್ಲ ತಟ್ಟೆ ಹಿಡಿದು ನಿಂತಿದ್ದರು.

“ಕೊಡ್ತೀನಪ್ಪ. ಸಾಲಿನಲ್ಲಿ ಬಾ.”

ಈ ಕತೆಯ ನೀತಿ ಇಷ್ಟೇ. ಸಂಡಿಗೆ ಕರಿಯುವಾಗ ಉರಿ ಚೆನ್ನಾಗಿರಬೇಕು. ಸೌದೆ ಸಾಲದಿದ್ದರೆ ಸುತ್ತ ನೋಡಿ, ಎಲ್ಲಾದರೂ ಅತಿ ಎತ್ತರದ ಕುರ್ಚಿ ಇದ್ದೇ ಇರುತ್ತದೆ. ಅವರು ಸಂಡಿಗೆ ತಿಂದು ಕೈ ಒರೆಸಿಕೊಂಡರು, ನಾವು ಕತೆ ತಿಂದು ಕಿವಿ ಒರೆಸಿಕೊಂಡೆವು.